ಓಡಿಹೋಗುವ ಸತು

ಬೆಂಕಿರಾಯನಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ ಲೋಹಗಳೆಲ್ಲ ಅವನ ಮನೆಗೆ ಬೀಗತನಕ್ಕೆ ಬಂದವಂತೆ. ಬೀಡುಕಬ್ಬಿಣ ಹಟಮಾರಿ, ಮುರಿದಾನು, ಬಾಗಲಾರ. ಸೀಸ ಮೈಭಾರದ ಸೋಮಾರಿ, ಮೀನುಬಲೆ ಮುಳುಗಿಸಲಷ್ಟೇ ಲಾಯಕ್ಕು. ತಾಮ್ರ ಬಡಿದ ಕಡೆ ಬಾಗುವ ಸಾಧು. ಅವನು ತವರವ್ವನನ್ನು ಕಟ್ಟಿಕೊಂಡ. ಇಬ್ಬರು ಮೆತ್ತನೆಯವರಿಗೆ ಕಂಚೆಂಬ ಗಡಸು ಮಗ ಹುಟ್ಟಿದ. ತಟ್ಟಿದರೆ ಹಾಡುತ್ತಾನೆ, ಬಿದ್ದರೆ ಒಡೆಯುತ್ತಾನೆ. ಸತುವಿನ ಹುಡುಗಿಯೋ, ಬೆಂಕಿ ಕಂಡರೆ ಬಿಳಿ ಸೆರಗು ಹಾರಿಸಿಕೊಂಡು ಓಡುವವಳು. ಅವಳನ್ನು ತಾಮ್ರಕ್ಕೆ ಕೊಟ್ಟು ಹಿತ್ತಾಳೆ ಮಾಡಬೇಕೆಂದರೆ ಕಡೆಗೆ ಕರೆಯಬೇಕು, ಇದ್ದಿಲು ಹೊದಿಸಿ ಲಗುಬಗೆಯಿಂದ ಮದುವೆ ಮುಗಿಸಬೇಕು.

ಮಸ್ಕಿಯ ಕಂಚುಗಾರರ ಗಾಳೆಮ್ಮನಿಗೆ ಅಜ್ಜಿಯ ಈ ಕಥೆಯೊಂದೇ ವಿದ್ಯೆ. ಎರಕದ ಕೈ ಗಂಡ ಯಂಕೋಬನದು. ಅವನೀಗ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದ. ಹೋದ ಮೊಹರಮ್ಮಿನಲ್ಲಿ ಕೆಂಡ ಹಾಯುವಾಗ ಪೀರಲದೇವರ ಪಂಜಾ, ಅಂಗೈಯಾಕಾರದ ಆ ಕಂಚಿನ ದೇವರು, ಬಿದ್ದು ಹೋಳಾಗಿತ್ತು. "ಬರೋ ಮೊಹರಮ್ ಚಂದ್ರ ಕಾಣೂದ್ರಾಗ ಹಿತ್ತಾಳಿದು ಹೊಯ್ದು ಕೊಡ್ತೀನಿ" ಎಂದು ಮಾತು ಕೊಟ್ಟವನು ಯಂಕೋಬ. ಆ ಚಂದ್ರ ಇವತ್ತು ಸಂಜೆ. ಲಿಂಗಸುಗೂರಿನ ಹಕೀಮ ಕೈಚೆಲ್ಲಿ ಹೋಗಿದ್ದ. ಮಾತು ಉಳಿದರೆ ಗಂಡ ಉಳಿದಾನು ಎಂದು ಗಾಳೆಮ್ಮ ನಂಬಿದ್ದಳು. ನಂಬಲು ಬೇರೇನೂ ಇರಲಿಲ್ಲ.

ಮಧ್ಯಾಹ್ನ ಮೂಸೆಯಲ್ಲಿ ತಾಮ್ರ ಕರಗಿತು. ಪೀರನ ಸೇವೆ ಮಾಡುವ ಮುಜಾವರ, ಮುದುಕ ಹುಸೇನ್‌ಸಾಬ್, ತಾನೇ ಗಾಳಿ ಊದುವ ತಿದಿಗೆ ಕೂತಿದ್ದ, ಸುತ್ತ ಭಕ್ತರು. ಗಾಳೆಮ್ಮ ಸತು ಹಾಕಿ ಇದ್ದಿಲಿಗೆ ಕೈ ಚಾಚುವಷ್ಟರಲ್ಲಿ ಮೂಸೆಯಿಂದ ಹಸಿರು ಜ್ವಾಲೆ ಎದ್ದು, ಬಿಳಿ ಹೊಗೆ ಅರಳೆಯಂತೆ ಹಾರಿತು.

"ಯಾ ಪೀರಾ! ಬಂದಾನ, ಬಂದಾನ!" ಹುಸೇನ್‌ಸಾಬ್ ತಿದಿ ಬಿಟ್ಟು ನೆಲಕ್ಕೆ ಹಣೆ ಹಚ್ಚಿದ. ಕೂಡಿದವರೆಲ್ಲ ಅಡ್ಡಬಿದ್ದರು.

"ತಿದಿ ಊದ್ರೋ! ಪೀರ ಅಲ್ಲ, ಸತು ಓಡಾಕತ್ತೈತಿ!" ಎಂದು ಗಾಳೆಮ್ಮ ಕಿರುಚಿದಳು. ಯಾರೂ ಏಳಲಿಲ್ಲ. ಮಂದವಾಗುತ್ತಿದ್ದ ಲೋಹವನ್ನೇ ಅಚ್ಚಿಗೆ ಹೊಯ್ದಳು. ಅಚ್ಚು ಒಡೆದರೆ ಅಂಗೈ ಇತ್ತು, ಬೆರಳಿರಲಿಲ್ಲ.

"ದೇವರು ಬಂದಾಗ ನೀ ಬಾಗಲಿಲ್ಲ. ಅದಕ್ಕ ಬೆರಳು ಕೊಡಲಿಲ್ಲ" ಎಂದ ಹುಸೇನ್‌ಸಾಬ್.

"ನೀವು ಬಾಗಿದ್ದಕ್ಕ ಬೆಂಕಿ ಆರ್ತು ಮಾವಾ! ಒಳಗ ಮಲಗಿದ ಜೀವಾನೂ ಆರಿಸ್ತೀರೇನು?"

ಮುದುಕ ಹೋಗಿ ತನ್ನ ಗುಡಗುಡಿಯ ಪಕ್ಕ ಕೂತ. ಒಂದು ಕೆಟ್ಟರೆ ಇನ್ನೊಂದಿರಲೆಂದು ಯಂಕೋಬ ಜೋಡಿ ಅಚ್ಚು ಮಾಡಿಟ್ಟಿದ್ದ, ಅದು ಅವರ ಮನೆತನದ ರೂಢಿ. ತಾಮ್ರವನ್ನು ಮತ್ತೆ ಕರಗಿಸಬಹುದು. ಓಡಿಹೋದ ಸತುವಿಗೆ ಬದಲಿ ಸಿಗುವುದು ಮಾತ್ರ ಸಿಂಧನೂರಿನ ಪೇಟೆಯಲ್ಲಿ. ಚಕ್ಕಡಿ ಅಲ್ಲಿಗೆ ಮುಟ್ಟುವುದರೊಳಗೆ ಚಂದ್ರ ಕಂಡುಬಿಡುತ್ತದೆ. ಗಾಳೆಮ್ಮ ತಲೆಯ ಮೇಲೆ ಕೈ ಹೊತ್ತು ಕುಸಿದಳು. ಕುಸಿದಲ್ಲೇ ಕಣ್ಣಿಗೆ ಬಿತ್ತು: ಹುಸೇನ್‌ಸಾಬನ ಗುಡಗುಡಿ. ಕಪ್ಪು ಬುಡ, ಮೈಮೇಲೆ ಬೆಳ್ಳಿಯ ಬಳ್ಳಿ.

"ಮಾವಾ, ಅದು ಬಿದ್ರಿ ಕೆಲಸದ್ದಲ್ಲೇನ್ರಿ?"

"ನಮ್ಮ ಮುತ್ಯಾಗ ನವಾಬರು ಕೊಟ್ಟ ಇನಾಮು. ಕೈ ಹಚ್ಚಬ್ಯಾಡ."

"ಮ್ಯಾಲಷ್ಟ ಕರಿ. ಮೈತುಂಬ ಸತು ಐತ್ರಿ."

ಹುಸೇನ್‌ಸಾಬ್ ಬಾಗಿಲಾಚೆ ಮಲಗಿದ್ದ ಯಂಕೋಬನನ್ನು ನೋಡಿದ. ಚಿಲುಮೆ ಕಿತ್ತು ಮಡಿಲಲ್ಲಿಟ್ಟುಕೊಂಡು, ಬುಡ ಮುಂದೆ ನೂಕಿದ. "ತಗೋಬೇ. ನನಗ ಬೀಡಿ ಸಾಕು."

ಗಾಳೆಮ್ಮ ಬೆಳ್ಳಿಯನ್ನು ಕೆತ್ತಿ ತೆಗೆದು ಅವನಿಗೇ ಕೊಟ್ಟಳು. ಬುಡ ಸುತ್ತಿಗೆಗೆ ಮಡಕೆಯಂತೆ ಒಡೆಯಿತು.

"ಈ ಸಲ ಪೀರ ಬಂದ್ರ?" ಎಂದ ಅವನು, ತಿದಿ ಹಿಡಿದು.

"ಊದ್ಕೋತ ಸಲಾಂ ಹೇಳ್ರಿ."

ತಾಮ್ರ ಮತ್ತೆ ಕರಗಿತು. ಚೂರುಗಳನ್ನು ಮುಳುಗಿಸಿ, ಇದ್ದಿಲ ಪುಡಿ ಸುರಿದಳು. ಅಂಚಿನಲ್ಲಿ ಹಸಿರು ಕಂಡಾಗ ಹುಸೇನ್‌ಸಾಬ್ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅನ್ನುತ್ತ, ಊದಿದ. ಊದುತ್ತಲೇ ಇದ್ದ. ಗಾಳೆಮ್ಮ ಇಕ್ಕಳದಲ್ಲಿ ಮೂಸೆ ಎತ್ತಿ, ಧಾರೆ ಕಡಿಯದಂತೆ ಎರಡನೆಯ ಅಚ್ಚಿಗೆ ಹೊಯ್ದಳು.

ಹೊತ್ತು ಮುಳುಗುವಾಗ ಅಚ್ಚು ಒಡೆದಳು. ಐದೂ ಬೆರಳು! ತಣಿಸಿ ಒಳಗೊಯ್ದು ಗಂಡನ ಕಿವಿಯ ಬಳಿ ಉಗುರಿನಿಂದ ತಟ್ಟಿದಳು. ಅವನು ಕಣ್ಣು ಬಿಡಲಿಲ್ಲ, ತುಟಿ ಅಲುಗಿತು.

"ಒಡಕಿಲ್ಲ... ಕೊಟ್ಟಿ?"

ಊರ ಅಗಸಿಬಾಗಿಲ ಕಡೆಯಿಂದ "ಚಾಂದ್! ಚಾಂದ್!" ಎಂಬ ಕೂಗು. ಗಾಳೆಮ್ಮ ಹೊಸ್ತಿಲಲ್ಲಿ ನಿಂತು, ಮುದುಕ ಒಡ್ಡಿದ ಎರಡೂ ಕೈಗಳಲ್ಲಿ ಪಂಜಾ ಇಟ್ಟಳು.

"ಕೊಟ್ಟೆ" ಎಂದಳು, ಒಳಗೆ ಕೇಳುವಂತೆ.