ಸೂರಿನ ನೀರು

“ಅಪ್ಪಾ, ಇಳಿ ಕೆಳಗೆ! ಅಮ್ಮನ ಪೆಟ್ಟಿಗೆ ಗೇಟಿನ ಹತ್ರ ಬಂದಾಯ್ತು!”

ಮರ್ಸಿ ಏಣಿಯನ್ನು ಹಿಡಿದು ಅಲುಗಾಡಿಸಿದಳು. ಮೇಲೆ ಮುದುಕ ಈನಕ್, ಹೆಂಡತಿಯ ಮಣ್ಣಿಗೆಂದು ತೊಟ್ಟ ಕರಿ ಕೋಟಿನಲ್ಲೇ, ಮಳೆನೀರು ಹಿಡಿಯಲು ಚರ್ಚಿನ ಸೂರಿಗೆ ಬಿಗಿದ ಕಬ್ಬಿಣದ ದಂಬೆಗೆ ಹಾರೆ ತೂರಿಸಿ ಮೀಟುತ್ತಿದ್ದ. ಮಳೆ ಹನಿಯುತ್ತಿತ್ತು.

“ಒಳ್ಳೇ ಜೋಡಿ ಬಿಡವ್ವ,” ಎಂದಳು ಪಕ್ಕದ ಮನೆಯ ಮುದುಕಿ ಹ್ಯಾನಾ. “ಅವಳು ಮಳೇಲಿ ಹುಲ್ಲಿಗೆ ನೀರು ಹಾಕೋಳು. ಇವನು ಹೆಂಡ್ತಿ ಹೆಣ ಬಿಟ್ಟು ಚರ್ಚು ಕೀಳ್ತಾನೆ!”

ಪಾದ್ರಿ ಲ್ಯಾಸ್ಕಮ್ ನಿಲುವಂಗಿ ಎತ್ತಿಕೊಂಡು ಓಡಿಬಂದರು. “ಬುದ್ಧಿ ನೆಟ್ಟಗಿದೆಯೇನಯ್ಯಾ ನಿನಗೆ? ಲಂಡನ್ನಿನವರು ನಕ್ಷೆ ಬರೆದ ಕಟ್ಟಡ ಇದು. ಊರೂರು ಅಲೆದು, ಬೇಡಿ ಕಟ್ಟಿಸಿದೀನಿ!”

“ಚೆನ್ನಾಗೇ ಕಟ್ಟಿಸಿದೀರಿ ಅಯ್ಯನೋರೇ. ಚೂಪು ಕಮಾನು, ಬಣ್ಣದ ಗಾಜು, ಹೂವಿನ ಬಿಲ್ಲೆ ಹಾಸಿದ ನೆಲ. ಯಾವ್ದನ್ನೂ ಮುಟ್ಟಲ್ಲ. ಇದೊಂದು ತುಂಡು ಮಾತ್ರ.”

*

ಈನಕ್ ಮತ್ತು ಅವನ ಹೆಂಡತಿ ಡಾರ್ಕಸಳ ಮೊದಲ ಕೂಸು ಹುಟ್ಟಿದ ದಿನವೇ ಹೋಗಿಬಿಟ್ಟಿತ್ತು. ಜ್ಞಾನಸ್ನಾನವಾಗದ ಕೂಸಿಗೆ ಪ್ರಾರ್ಥನೆಯಿಲ್ಲ, ಗೋರಿಯಿಲ್ಲ. ಡಾರ್ಕಸಳ ತಾಯಿ ಅದನ್ನು ಶಾಲಿನಲ್ಲಿ ಸುತ್ತಿ ಅಳಿಯನ ಕೈಗೆ ಕೊಟ್ಟಳು. “ಚರ್ಚಿನ ಸೂರಿನ ಕೆಳಗೆ ಹೂಳಪ್ಪ. ದೇವರ ಮನೆ ಮಾಡಿಂದ ಬೀಳೋ ನೀರೇ ಅದಕ್ಕೆ ಜ್ಞಾನಸ್ನಾನ.” ಈನಕ್ ಯಾರಿಗೂ ಹೇಳದೆ ಹೂತು ಬಂದ. ಆಮೇಲೆ ಮಳೆ ಬಂದಾಗಲೆಲ್ಲ ಡಾರ್ಕಸ್ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು.

ಕೆಲವು ವರ್ಷಕ್ಕೆ ಹಳೆಯ ಚರ್ಚು ಹೊಸದಾಯಿತು. ಗೋಡೆ ಅಲ್ಲೇ ಉಳಿಯಿತು, ಆದರೆ ಸೂರಿನುದ್ದಕ್ಕೂ ದಂಬೆ ಬಂತು. ನೀರೆಲ್ಲ ಕೊಳವೆಯಲ್ಲಿಳಿದು ಚರಂಡಿ ಸೇರತೊಡಗಿತು. ಅಂದಿನಿಂದ ಮೋಡ ಕವಿದರೆ ಸಾಕು, ಡಾರ್ಕಸಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಂಬಿಗೆ ಹಿಡಿದು ಓಡುವಳು. ಕೊಳವೆಯ ಬಾಯಿಗೆ ಒಡ್ಡಿ ತುಂಬಿಸಿಕೊಂಡು ಗೋಡೆಯ ಬುಡಕ್ಕೆ ಸುರಿಯುವಳು. ಊರು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ಹ್ಯಾನಾ ನಗುತ್ತಿದ್ದಳು. ಕಡೆಯ ಸಲ ಡಾರ್ಕಸ್ ಜ್ವರದಲ್ಲೇ ಎದ್ದು ಹೋಗಿದ್ದಳು.

*

“ಇನ್ಮೇಲೆ ಯಾರು ಹುಯ್ತಾರೆ ಮರ್ಸಿ?” ಈನಕ್ ಮೇಲಿನಿಂದಲೇ ಕೂಗಿದ. “ನನ್ನ ಮಂಡಿ ನೋಡಿದೀಯಲ್ಲ. ನಿಮ್ಮಣ್ಣ ಇಲ್ಲೇ, ಈ ಗೋಡೆ ಬುಡದಲ್ಲಿ ಮಲಗಿದಾನೆ ಕಣೇ. ಅವನಿಗೊಂದು ದಾರಿ ಮಾಡ್ದೆ ನಿಮ್ಮಮ್ಮನ್ನ ಹೆಂಗೆ ಮಣ್ಣು ಮಾಡ್ಲಿ?”

ತನಗೊಬ್ಬ ಅಣ್ಣನಿದ್ದ ಎಂಬುದೇ ಮರ್ಸಿಗೆ ಗೊತ್ತಿರಲಿಲ್ಲ. ಅಲುಗಾಡಿಸುತ್ತಿದ್ದ ಏಣಿಯನ್ನು ಅವಳು ಗಟ್ಟಿಯಾಗಿ ಹಿಡಿದು ನಿಂತಳು.

ಪಾದ್ರಿಗಳ ದನಿ ಇಳಿಯಿತು. “ಹಸುಗೂಸನ್ನ ದೇವರು ಹೊರಗೆ ನಿಲ್ಲಿಸ್ತಾನೇನಯ್ಯಾ?”

“ಈ ಮಾತು ಅವಳಿದ್ದಾಗ ಹೇಳ್ಬೇಕಿತ್ತು ಸ್ವಾಮಿ.”

ದಂಬೆಯ ತುಂಡು ಕಿತ್ತುಬಂದು ಧಡ್ ಎಂದು ಹುಲ್ಲಿನ ಮೇಲೆ ಬಿತ್ತು. ಮಾಡಿನ ನೀರು ನೇರ ಗೋಡೆಯ ಬುಡಕ್ಕೆ ಸುರಿಯಿತು. ಈನಕ್ ಮೇಲೆಯೇ ಏದುಸಿರು ಬಿಡುತ್ತಾ ಅದನ್ನು ನೋಡಿದ.

ಹ್ಯಾನಾ ಕೊಡೆ ಮಡಚಿದಳು. ಏಣಿಯನ್ನು ದಾಟಿ, ಎರಡು ಕಿಟಕಿಗಳಾಚೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಈನಕ್, ಅದಾದ್ಮೇಲೆ ಏಣೀನ ಸ್ವಲ್ಪ ಈ ಕಡೆ ತಗೊಂಬಾರೋ. ನಂದೂ ಒಂದು ಇಲ್ಲಿದೆ.”

ಗೇಟಿನ ಬಳಿ ಪೆಟ್ಟಿಗೆಯ ಸುತ್ತ ನಿಂತಿದ್ದವರಲ್ಲಿ ಇನ್ನೊಬ್ಬ ಮುದುಕಿ ಹೊರಟಳು. ಅವಳ ಹಿಂದೆ ಮತ್ತೊಬ್ಬಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗೋಡೆಯುದ್ದಕ್ಕೂ, ಸೂರಿನಡಿಯ ಒಣ ನೆಲದಲ್ಲಿ, ಕರಿ ಬಟ್ಟೆಯ ಹೆಂಗಸರು ತಮ್ಮ ತಮ್ಮ ಜಾಗ ಹುಡುಕಿ ನಿಂತರು.