ಮೂವತ್ತೈದರ ಮೇಲೊಂದು ಪಟ್ಟಿ

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ನೆಲಕ್ಕೆ ಮೊಣಕಾಲೂರಿ, ಅವಳು ಗಿರಾಕಿಯೊಬ್ಬರ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಒಂದು ಕಾಲು ಮುಗಿದಿತ್ತು, ಇನ್ನೊಂದು ಬಾಕಿ. ಗಿರಾಕಿ ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು.

"ಉಸಿರು ಬಿಟ್ಕೊಂಡು ನಿಂತ್ಕೊಳ್ಳಿ ಸಾರ್," ಎಂದಳು ಮೂಲೆಯಿಂದ ಕಾಜಾ ಅಕ್ಕ. "ಇಲ್ಲಿ ಬಿಗಿಹಿಡಿದ್ರೆ ಆಮೇಲೆ ಊಟದ ಹೊತ್ತಲ್ಲಿ ಗುಂಡಿ ಕಿತ್ಕೊಂಡು ಹಾರುತ್ತೆ."

ಹಳೆ ಬಟ್ಟೆ ತಿದ್ದಿಕೊಡುವ ಆ ಪುಟ್ಟ ಅಂಗಡಿಯಲ್ಲಿ ಕೆಲಸಕ್ಕಿದ್ದವರು ಇವರಿಬ್ಬರೇ. ಗುಂಡಿಯ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಅಕ್ಕನಿಗೆ ಆ ಹೆಸರು ಬಿದ್ದಿತ್ತು. ಬಾಯಿಯೂ ಸೂಜಿಯಷ್ಟೇ ಚುರುಕು. ಗಿರಾಕಿ ಹೊರಗೆ ಕಾಲಿಟ್ಟಿದ್ದೇ ತಡ, ಇವಳು ಫೋನು ತೆಗೆದು ಒಂದು ಉದ್ದನೆಯ ಕ್ಯಾಮೆರಾ ಲೆನ್ಸಿನ ಚಿತ್ರವನ್ನು ದೊಡ್ಡದು ಮಾಡಿ ನೋಡತೊಡಗಿದಳು.

"ಮತ್ತೆ ಅದೇ ಕೊಳವೆನಾ? ಗಂಡನ ಮುಖಾನೂ ಇಷ್ಟು ಸಲ ನೋಡಿರಲ್ಲ ಕಣೇ ನೀನು."

ಅವಳು ನಕ್ಕಳು. ಆದರೆ ಆ ಮಾತು ಎಲ್ಲೋ ಮುರಿದ ಪಿನ್ನಿನ ಹಾಗೆ ಬಟ್ಟೆಯೊಳಗೇ ಉಳಿದುಕೊಂಡಿತು.

ಕ್ಯಾಮೆರಾದ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದಳು. ಅದರ ಜೊತೆಗೇ ಬಂದದ್ದು ಹದಿನೆಂಟು ಮಿಲಿಮೀಟರಿನಿಂದ ಐವತ್ತೈದರವರೆಗೆ ತಿರುಗುವ ಒಂದು ಸಾದಾ ಲೆನ್ಸ್. ಹದಿನೆಂಟಕ್ಕೆ ತಿರುಗಿಸಿದರೆ ಇಡೀ ಕೋಣೆಯೇ ಒಳಗೆ ಬರುತ್ತದೆ, ಐವತ್ತೈದಕ್ಕೆ ತಿರುಗಿಸಿದರೆ ಬೀದಿಯಾಚೆಗಿನ ಕಿಟಕಿಯ ಪರದೆ ಹತ್ತಿರ ಬರುತ್ತದೆ. ಭಾನುವಾರಗಳಲ್ಲಿ ಒಟ್ಟಿಗೆ ಫೋಟೋ ತೆಗೆಯಲು ಹೋಗುವ ಗುಂಪಿನಲ್ಲಿ ಎಲ್ಲರ ಬಳಿಯೂ ಇದಕ್ಕಿಂತ ಒಳ್ಳೆಯದಿತ್ತು. ಗುಂಪಿನ ಹಿರಿಯರ ಲೆನ್ಸಂತೂ ಮೊಣಕೈಯಷ್ಟು ಉದ್ದ. ಫಿರಂಗಿ ಎಂದು ಅವರನ್ನು ಬೆನ್ನ ಹಿಂದೆ ಕರೆಯುತ್ತಿದ್ದರು. "ನಿಮ್ಮ ಕಣ್ಣು ಚೆನ್ನಾಗಿದೆ, ಕೈಯಲ್ಲಿರೋದು ಮಾತ್ರ ಆಟಿಕೆ" ಎಂದಿದ್ದರು ಫಿರಂಗಿ. ಹೊಸದಕ್ಕೆ ಕೈ ಹಾಕುವ ಹಾಗಿರಲಿಲ್ಲ. ಬಳಸಿದ್ದಾದರೆ ಒಂದೇ ಒಂದನ್ನು ಕೊಳ್ಳಬಹುದಿತ್ತು. ತಪ್ಪು ಆರಿಸಿದರೆ ಇನ್ನೆಷ್ಟೋ ವರ್ಷ ಅದನ್ನೇ ಕಟ್ಟಿಕೊಂಡು ಏಗಬೇಕು.

ಆ ಸಂಜೆ ಕೆಲಸ ಮುಗಿಸಿ ಹಳೆ ಕ್ಯಾಮೆರಾಗಳ ಅಂಗಡಿಗೆ ಹೋದಳು. ಅಂಗಡಿ ನಡೆಸುತ್ತಿದ್ದವಳು ಕತ್ತರಿಸಿದ ಕೂದಲಿನ, ಮಾತಿಗೊಮ್ಮೆ ಸೀನುವ ಹುಡುಗಿ. ಇವಳು ಫೋನಿನಲ್ಲಿ ನೋಡುತ್ತಿದ್ದ ಆ ಉದ್ದದ ಲೆನ್ಸಿನೊಳಗೆ ಟಾರ್ಚು ಬಿಟ್ಟು ತೋರಿಸಿದಳು.

"ಗಾಜಿಗೂ ಬೂಷ್ಟು ಹಿಡಿಯುತ್ತೆ, ಗೊತ್ತಾ? ಅಗ್ಗ ಅಂತ ಬೂಷ್ಟಿಂದು ತಗೊಂಡೋರು ಆಮೇಲೆ ನನ್ನ ಮುಂದೆ ಬಂದು ಅಳ್ತಾರೆ. ಇದು ಕ್ಲೀನಾಗಿದೆ ನೋಡಿ. ಮೈಮೇಲೆ ಒಂದು ಗೀರು ಬಿಟ್ರೆ ಏನಿಲ್ಲ."

ಅವಳು ಅದನ್ನು ತನ್ನ ಕ್ಯಾಮೆರಾಕ್ಕೆ ಹಾಕಿ ಕಣ್ಣಿಗಿಟ್ಟಳು. ಎದುರು ಕಟ್ಟಡದ ಮೇಲೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸಿನ ಬೆರಳುಂಗುರವೂ ಕಂಡಿತು. ಎದೆ ಹಕ್ಕಿಯಾಯಿತು.

"ಇದನ್ನೇ ಕೊಟ್ಬಿಡಮ್ಮ."

"ಇರಿ ಆಂಟಿ. ನಿಮ್ಮ ಕ್ಯಾಮೆರಾದ ಕಾರ್ಡು ಕೊಡಿ, ಏನೇನು ತೆಗ್ದಿದೀರ ನೋಡೋಣ." ಹುಡುಗಿ ಕಂಪ್ಯೂಟರಿನಲ್ಲಿ ಫೋಟೋಗಳನ್ನು ಹರಡಿದಳು. ಯಾವುದನ್ನು ಎಷ್ಟಕ್ಕೆ ತಿರುಗಿಸಿ ತೆಗೆದದ್ದೆಂದು ಪ್ರತಿಯೊಂದರ ಕೆಳಗೂ ಬರೆದಿರುತ್ತದಂತೆ. ಐವತ್ತೈದು, ಐವತ್ತೈದು, ಮತ್ತೆ ಐವತ್ತೈದು. "ಅಯ್ಯೋ, ನೀವು ಎಲ್ಲಿ ಹೋದ್ರೂ ಕೊನೇ ತುದಿಗೇ ತಿರುಗಿಸ್ತೀರಲ್ಲ!"

"ಅಂದ್ರೆ ಉದ್ದದ್ದೇ ಬೇಕು ಅಂತಾಯ್ತು."

"ಇರಬಹುದು. ಇಲ್ಲಾ, ನಿಮಗೆ ಹತ್ತಿರ ಹೋಗೋಕೆ ಸಂಕೋಚ ಇರಬಹುದು. ನನಗೇನು ಗೊತ್ತು?" ಹುಡುಗಿ ಸೀನಿ, ಒಂದು ಚಿತ್ರದ ಮೇಲೆ ಬೆರಳಿಟ್ಟಳು. "ಇವರು ಯಾರು? ಎಲ್ಲಾದರಲ್ಲೂ ಬೆನ್ನು ತೋರಿಸ್ಕೊಂಡೇ ಇದಾರೆ."

ಕಿಟಕಿಯ ಬಳಿ ಬೆನ್ನು, ಬಸ್ ನಿಲ್ದಾಣದಲ್ಲಿ ಬೆನ್ನು, ಮಹಡಿಯ ಮೇಲೆ ಕೊಡೆ ಹಿಡಿದ ಬೆನ್ನು.

"ನಮ್ಮನೆಯವರು," ಎಂದಳು ಅವಳು.

ಹುಡುಗಿ ಫೋಟೋಗಳನ್ನು ಮುಚ್ಚಿದಳು. ಉದ್ದದ ಲೆನ್ಸನ್ನು ಒಂದು ವಾರ ಬೇರೆಯವರಿಗೆ ಕೊಡದೆ ಎತ್ತಿಟ್ಟಿರುತ್ತೇನೆ ಎಂದಳು. ಅಷ್ಟರಲ್ಲಿ ನಿಮ್ಮಲ್ಲಿರುವ ಲೆನ್ಸನ್ನು ಮೂವತ್ತೈದಕ್ಕೆ ತಿರುಗಿಸಿ, ಅಲ್ಲಾಡದ ಹಾಗೆ ಒಂದು ಪಟ್ಟಿ ಅಂಟಿಸಿಬಿಡಿ. ಬೇಕಾದರೆ ನೀವೇ ಹಿಂದೆ ಮುಂದೆ ನಡೆಯಿರಿ, ಅದನ್ನು ತಿರುಗಿಸಬೇಡಿ. ಹಿಡಿಸಿದರೆ ಮೂವತ್ತೈದರದ್ದೇ ಒಂದು ಪುಟ್ಟ ಲೆನ್ಸಿದೆ, ತಿರುಗುವುದೂ ಇಲ್ಲ, ಬೆಲೆಯೂ ಕಡಿಮೆ. "ಹಿಡಿಸದಿದ್ರೆ ನಿಮ್ಮ ಉದ್ದದ್ದು ಎಲ್ಲೂ ಓಡಿಹೋಗಲ್ಲ."

ಮನೆಗೆ ಬಂದು ಪಟ್ಟಿಗಾಗಿ ಹೊಲಿಗೆ ಡಬ್ಬಿಯ ತಳ ಕೆದಕಿದಾಗ ಕೈಗೆ ಸಿಕ್ಕಿದ್ದು ಬಿಳಿ ಅಂಟುಕಾಗದದ ಒಂದು ಹಳೆ ಸುರುಳಿ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಂಡ ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಪಕ್ಕದಿಂದ ತಾನಾಗೇ ಸೋರಿಹೋಗಿತ್ತು. ಮುಖದ ಎಡಭಾಗ ರಾತ್ರೋರಾತ್ರಿ ಸೋತು ಜೋತುಬಿದ್ದಿತ್ತು. ಬಸ್ ಕಂಡಕ್ಟರ್ ಅವನು. ಟಿಕೆಟ್ ಜೊತೆ ಒಂದು ನಗೆಚಾಟಿಕೆಯನ್ನೂ ಹರಿದುಕೊಡುವವನು ಎಂದು ಜನ ಹೇಳುತ್ತಿದ್ದರು. ಮಾತು ತೊದಲತೊಡಗಿದ ಮೇಲೆ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನಿಡುವ ಡಿಪೋದ ಕೋಣೆಗೆ ಅವನನ್ನು ಹಾಕಿದರು. ಎಡಗಣ್ಣು ನಿದ್ದೆಯಲ್ಲೂ ಮುಚ್ಚುತ್ತಿರಲಿಲ್ಲ. ದಿನಾ ಮಲಗುವ ಮುಂಚೆ ಅವಳೇ ಅದಕ್ಕೆ ಹನಿ ಹಾಕಿ, ರೆಪ್ಪೆ ಇಳಿಸಿ, ಈ ಸುರುಳಿಯಿಂದ ಒಂದು ಪಟ್ಟಿ ಹರಿದು ಅಂಟಿಸುತ್ತಿದ್ದಳು. ಆಗ ಅವನ ಉಸಿರು ಅವಳ ಮಣಿಕಟ್ಟಿಗೆ ತಾಕುತ್ತಿತ್ತು. ಬರುಬರುತ್ತ ಕಣ್ಣು ತಾನೇ ಮುಚ್ಚಿಕೊಳ್ಳಲು ಕಲಿಯಿತು. ಮಾತೂ ಸರಿಹೋಯಿತು. ನಗು ಮಾತ್ರ ಸೊಟ್ಟಗೇ ಉಳಿಯಿತು. ಸುರುಳಿ ಡಬ್ಬಿಯ ತಳ ಸೇರಿತು. ಅಷ್ಟು ಹತ್ತಿರದಿಂದ ಅವನ ಮುಖ ನೋಡಬೇಕಾದ ಕೆಲಸ ಅವಳಿಗೆ ಆಮೇಲೆ ಬೀಳಲಿಲ್ಲ.

ಪಟ್ಟಿ ಅಂಟಿಸಿ ಮೊದಲ ಎರಡು ದಿನ ಬರೀ ಪರದಾಟ. ಬೀದಿಯ ಜನ ಇರುವೆಗಳಂತೆ ಕಂಡರು. ಕೈ ಅಭ್ಯಾಸಬಲದಿಂದ ಲೆನ್ಸ್ ತಿರುಗಿಸಲು ಹೋಗುವುದು, ಪಟ್ಟಿ ತಡೆಯುವುದು. ದಿನವಿಡೀ ಅಪರಿಚಿತರ ಭುಜ, ಸೊಂಟಕ್ಕೆ ಅಳತೆಪಟ್ಟಿ ಸುತ್ತುವವಳು ತಾನು, ಕ್ಯಾಮೆರಾ ಹಿಡಿದ ಕೂಡಲೇ ಯಾಕೆ ಹೀಗೆ ಗೋಡೆಗಾತುಕೊಂಡು ನಿಲ್ಲುತ್ತೇನೆ ಎಂದು ಅವಳಿಗೇ ಸೋಜಿಗವಾಯಿತು.

ಮೂರನೆಯ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಒಳ್ಳೆಯ ಬೆಳಕು ಬಿದ್ದಿತ್ತು. ಚಹಾದ ಪಾತ್ರೆಯಿಂದೇಳುವ ಹಬೆ ಹಿಡಿಯಲು ನೋಡುತ್ತಿದ್ದಳು. ಅಷ್ಟರಲ್ಲಿ ಅವನು ಲೋಟ ಹುಡುಕುತ್ತ ಒಳಗೆ ಬಂದು ಬೆಳಕಿನ ನಡುವೆಯೇ ನಿಂತ.

"ಓಹೋ, ನನ್ನ ಸವತಿಯ ಸೇವೆ ನಡೀತಿದೆಯೋ." ಕ್ಯಾಮೆರಾಕ್ಕೆ ಅವನಿಟ್ಟ ಹೆಸರು ಅದು. ಬಗ್ಗಿ ನೋಡಿದ. "ಏನೇ, ಇದು ನನ್ನ ಕಣ್ಣಿಗೆ ಹಾಕ್ತಿದ್ದ ಪಟ್ಟಿ ಅಲ್ವಾ? ನನ್ನ ಕಣ್ಣು ಕಟ್ಟಿದ್ದಾಯ್ತು, ಈಗ ಇದರ ಕುತ್ತಿಗೆನೂ ಕಟ್ಟಿದೀಯ."

"ಅಲ್ಲೇ ನಿಂತ್ಕೋ, ಒಂದು ತೆಗೀತೀನಿ."

ಅವನು ತಕ್ಷಣ ಕಿಟಕಿಯ ಕಡೆ ತಿರುಗಿ, ಅವಳಿಗೆ ಬೆನ್ನು ಹಾಕಿ ನಿಂತ. ಹಾಗೆ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಈ ಕಡೆ ತಿರುಗೋ ಮಾರಾಯ."

"ಬೇಡ ಬಿಡು. ನಂದೀಗ ದೂರದಿಂದ ನೋಡೋ ಮುಖ. ಅದು ನಿಂಗೂ ಗೊತ್ತು, ಅದಕ್ಕೇ ಅಲ್ವಾ ನೀನು ಯಾವಾಗಲೂ ಅಷ್ಟು ದೂರ ನಿಲ್ಲೋದು?" ನಗುತ್ತಲೇ ಹೇಳಿದ. ಟಿಕೆಟ್ ಹರಿದುಕೊಡುವ ಧಾಟಿಯಲ್ಲೇ.

ಚಹಾ ಉಕ್ಕಿತು. ಅವಳು ಒಲೆ ಆರಿಸಿದಳು. ಅವನಿಗೆ ಮುಜುಗರವಾಗದಿರಲಿ ಎಂದು ತಾನು ದೂರ ನಿಲ್ಲುತ್ತಿದ್ದೆನಲ್ಲ, ಅದು ತನ್ನ ದೊಡ್ಡತನ ಎಂದೇ ಅಂದುಕೊಂಡಿದ್ದಳು. ಅವನು ಇಷ್ಟು ದಿನ ಅದನ್ನು ಹೀಗೆ ಓದಿಕೊಂಡಿದ್ದ. ತಪ್ಪಾಗಿ ಓದಿದ್ದ, ಆದರೆ ಪೂರ್ತಿ ತಪ್ಪಾಗಿಯೂ ಅಲ್ಲ. ಆ ಸೊಟ್ಟ ನಗುವನ್ನು ನೇರ ನೋಡಿ ಎಷ್ಟು ದಿನವಾಯಿತು?

ಕ್ಯಾಮೆರಾ ಎತ್ತಿಕೊಂಡಳು. ಚೌಕಟ್ಟಿನಲ್ಲಿ ಅವನು ಪುಟ್ಟದಾಗಿದ್ದ, ಅಡುಗೆಮನೆಯೇ ಜಾಸ್ತಿ ಕಾಣುತ್ತಿತ್ತು. ಮುಂದೆ ನಡೆದಳು. ಇನ್ನೂ ನಡೆದಳು. ಅವನ ಬಗಲಿಗೆ ಬಂದು, ಕಿಟಕಿಗೂ ಅವನಿಗೂ ನಡುವೆ ತೂರಿಕೊಂಡು, ಕಟ್ಟೆಗೆ ಒರಗಿ ನಿಂತಾಗ ಮುಖ ಸರಿಯಾಗಿ ತುಂಬಿಕೊಂಡಿತು. ಅವನ ಉಸಿರು ಕೈಗೆ ತಾಕಿತು.

"ಮೂಗಿನೊಳಗೇ ಹೋಗ್ತೀಯೇನೇ?" ಎಂದು ಅವನು ಬಲಗೆನ್ನೆ ಮುಂದೆ ಮಾಡಿದ. ಒಳ್ಳೆಯ ಪಕ್ಕ. ಕಣ್ಣಲ್ಲಿ ಮಾತ್ರ ಸಣ್ಣದೊಂದು ದಿಗಿಲು.

ಅವಳು ಒತ್ತಾಯಿಸಲಿಲ್ಲ. ಬಲಗೆನ್ನೆಯನ್ನೇ ತೆಗೆದಳು.

"ಹೇಗಿದೀನಿ?"

"ಸ್ವಲ್ಪ ಅಲ್ಲಾಡಿದೆ. ನಾಳೆ ಮತ್ತೆ ನಿಲ್ಬೇಕು."

"ಸಂಬಳ ಎಷ್ಟು?" ಎಂದು ಕೇಳುತ್ತ ಅವನು ಚಹಾ ಸೋಸಲು ಲೋಟ ಚಾಚಿದ.

ಮಧ್ಯಾಹ್ನ ಅಂಗಡಿಯಲ್ಲಿ ಒಂದು ಕೋಟಿನ ತೋಳು ಬಿಚ್ಚುತ್ತಿದ್ದಾಗ ಆ ಹುಡುಗಿಯ ಫೋನು ಬಂತು. ಆ ಉದ್ದದ ಲೆನ್ಸನ್ನು ಇನ್ನೊಬ್ಬರು ಕೇಳುತ್ತಿದ್ದಾರೆ, ವಾರ ಮುಗಿದಿಲ್ಲ, ಏನು ಹೇಳಲಿ?

"ಅವರಿಗೇ ಕೊಟ್ಬಿಡಮ್ಮ."

"ಹಾಗಾದ್ರೆ ಆ ಪುಟ್ಟದ್ದಾ?"

"ಆಮೇಲೆ ಹೇಳ್ತೀನಿ," ಎಂದು ಫೋನು ಇಟ್ಟಳು.

ಕಾಜಾ ಅಕ್ಕ ಸೂಜಿಯಿಂದ ಕಣ್ಣೆತ್ತಿದಳು. "ಏನಾಯ್ತು, ಕೊಳವೆ ಕೈತಪ್ತಾ? ಪಾಪ, ಅಷ್ಟು ಆಸೆಪಟ್ಟಿದ್ದೆ."

"ಹೋಗ್ಲಿ ಬಿಡಕ್ಕ."

ಕೊಳ್ಳುವುದು ಆ ಪುಟ್ಟದ್ದನ್ನೇ, ಅದು ಬೆಳಗಿನ ಚಹಾದ ಹೊತ್ತಿಗೇ ಗೊತ್ತಾಗಿಹೋಗಿತ್ತು. ಅವಳು ಈಗ ಯೋಚಿಸುತ್ತಿದ್ದದ್ದು ಬೇರೆ. ಎಡಗೆನ್ನೆ ತಾನಾಗಿ ಅವಳ ಕಡೆ ತಿರುಗುವವರೆಗೆ ದಿನಾ ಬೆಳಿಗ್ಗೆ ಕ್ಯಾಮೆರಾ ಇಲ್ಲದೆಯೂ ಅಷ್ಟೇ ಹತ್ತಿರ ಹೋಗಿ ನಿಲ್ಲುವುದು, ಆ ಕಟ್ಟೆಗೊರಗಿ, ಅಲ್ಲೇ ಚಹಾ ಕುಡಿಯುವುದು. ಎಷ್ಟು ದಿನವಾದರೂ ಆಗಲಿ. ಆ ಚಿತ್ರ ಸಿಕ್ಕರೂ ಭಾನುವಾರದ ಗುಂಪಿಗೆ ತೋರಿಸುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಅವನಿಗೂ.

ತೋಳಿನ ಕೊನೆಯ ಹೊಲಿಗೆ ಬಿಚ್ಚಿ, ದಾರದ ಚೂರುಗಳನ್ನು ಮಡಿಲಿನಿಂದ ಕೊಡವಿದಳು.