ಎರಡೂ ಚಕ್ರ ಎತ್ತಬೇಕಿತ್ತು

ಮಧುಗಿರಿಯ ಪಾವಗಡ ರಸ್ತೆಯಲ್ಲಿರುವ ನರಸಿಂಹರಾಜುವಿನ ಗ್ಯಾರೇಜಿಗೆ ಬೋರ್ಡು ಇಲ್ಲ. ಬೇಕಾಗಿಯೂ ಇರಲಿಲ್ಲ. ಗಾಡಿಯ ಹಿಂದಿನ ಆಕ್ಸಲ್‌ನಲ್ಲಿ ಕೊಂಯ್ ಎಂದು ಸದ್ದು ಬಂದರೆ ಸಿರಾದಿಂದ ಕೊರಟಗೆರೆಯವರೆಗೆ ಯಾವ ಡ್ರೈವರನನ್ನು ಕೇಳಿದರೂ ‘ರಾಜಣ್ಣನ ಹತ್ರ ಹೋಗು’ ಎನ್ನುತ್ತಿದ್ದ. ಬೇರೆ ಮೆಕ್ಯಾನಿಕ್ಕುಗಳು ಮೊದಲು ಎಲ್ಲವನ್ನೂ ಬಿಚ್ಚಿ ನೆಲಕ್ಕೆ ಸುರಿದುಕೊಂಡು ಆಮೇಲೆ ತಲೆ ಕೆರೆದುಕೊಳ್ಳುತ್ತಿದ್ದರು. ರಾಜು ಬಿಚ್ಚುವ ಮೊದಲೇ ರೋಗ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಹೇಳುತ್ತಿದ್ದವನು ಅವನಲ್ಲ, ಅವನ ಜೊತೆಗಾರ ಸಣ್ಣರಂಗಯ್ಯ. ಹೆಸರು ಒಬ್ಬನದು, ಕಿವಿ ಇನ್ನೊಬ್ಬನದು.

ಇಬ್ಬರದೂ ಮೂವತ್ತು ವರ್ಷದ ಪದ್ಧತಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಒಂದು ಚಕ್ರವನ್ನು ಜಾಕಿನಿಂದ ಎತ್ತುವುದು. ರಾಜು ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ ಎತ್ತಿದ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ. ನೆಲದ ಮೇಲಿನದು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿರುತ್ತದೆ, ಗಾಡಿ ಕದಲುವುದಿಲ್ಲ. ಹಿಂದಿನ ಚಕ್ರಗಳಿಗೆ ಬಲ ಹಂಚುವ ಸಾಧಾರಣ ಡಿಫರೆನ್ಷಿಯಲ್‌ನ ಗುಣವೇ ಅದು; ಯಾವ ಚಕ್ರ ಹಗುರವೋ ಅದೇ ತಿರುಗುತ್ತದೆ. ಆಗ ಸಣ್ಣರಂಗಯ್ಯ ಎತ್ತಿದ ಚಕ್ರದ ಮುಂದಿನಿಂದ ಗಾಡಿಯ ಕೆಳಕ್ಕೆ ತೂರಿಕೊಂಡು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. “ಎಡಗಡೆ ಬೇರಿಂಗ್ ಕಣಣ್ಣ” ಎಂದರೆ ಎಡಗಡೆ ಬೇರಿಂಗೇ.

ಇದೆಲ್ಲ ಹೋದ ಫೆಬ್ರವರಿಯವರೆಗಿನ ಮಾತು.

ಅವತ್ತು ಬೆಳಿಗ್ಗೆ ತಿರುಮಣಿಯ ಸೋಲಾರ್ ಪಾರ್ಕಿನಿಂದ ಒಂದು ಬಿಳಿ ಪಿಕಪ್ ಬಂತು. ಫಲಕಗಳ ಸಾಲಿನ ನಡುವಿನ ಮರಳು, ಕೊರಕಲುಗಳಲ್ಲಿ ಓಡಾಡಲೆಂದೇ ತರಿಸಿದ ದಪ್ಪ ಟಯರಿನ ಗಾಡಿ. ಓಡಿಸಿಕೊಂಡು ಬಂದವಳು ರಕ್ಷಾ ಎಂಬ ಹುಡುಗಿ. ಅಲ್ಲಿ ಕೆಲಸ ಮಾಡುವ ಗುತ್ತಿಗೆದಾರರೊಬ್ಬರ ಗಾಡಿಗಳ ಉಸ್ತುವಾರಿ ಅವಳದು.

“ಅಂಕಲ್, ಹಿಂದೆ ಸದ್ದು ಬರ್ತಿದೆ. ಆದ್ರೆ ಇದರ ಆಕ್ಸಲ್ ಬೇರೆ ಥರ, ಲಿಮಿಟೆಡ್ ಸ್ಲಿಪ್,” ಎಂದಳು. “ಒಂದು ಚಕ್ರ ಜೋರಾಗಿ ಸುಮ್ನೆ ತಿರುಗಿದ್ರೆ ಒಳಗೆ ಪ್ಲೇಟುಗಳು ಕಚ್ಕೊಂಡು ಇನ್ನೊಂದು ಚಕ್ರಕ್ಕೂ ಬಲ ಕೊಟ್ಟುಬಿಡುತ್ತೆ. ಗೇರ್ ಹಾಕಿ ನೋಡೋದಾದ್ರೆ ಹಿಂದಿನ ಎರಡೂ ಚಕ್ರ ಎತ್ತಿ. ಒಂದೇ ಎತ್ತಬೇಡಿ.”

ರಾಜು ನಕ್ಕ. “ಅಜ್ಜಿಗೇ ಕೆಮ್ಮು ಕಲಿಸ್ತೀಯೇನವ್ವ? ನೀನು ಹುಟ್ಟೋಕೆ ಮುಂಚಿಂದ ಇದೇ ಕೆಲ್ಸ ಮಾಡ್ತಿವ್ನಿ. ಏನೂ ಆಗಾಕಿಲ್ಲ, ಹೋಗ್ಬಾ.”

ಹುಡುಗಿ ತಾಲ್ಲೂಕು ಕಚೇರಿಯಲ್ಲಿ ಕೆಲಸವಿದೆಯೆಂದು ಹೋದಳು. ಅವಳ ಮಾತು ರಾಜುವಿನ ತಲೆಗೆ ಹೋಗಲಿಲ್ಲವೆಂದಲ್ಲ. ಚೆನ್ನಾಗಿಯೇ ಹೋಗಿತ್ತು. ಇನ್ನೊಂದು ಜಾಕು ಅಂಗಡಿಯ ಮೂಲೆಯಲ್ಲೇ ಇತ್ತು, ಎಳೆದು ತಂದರೆ ಐದು ನಿಮಿಷದ ಕೆಲಸ. ಆದರೆ ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ ಹೇಳಿದಳೆಂದು ಮೂವತ್ತು ವರ್ಷದ ಪದ್ಧತಿ ಬಿಡುವುದೇ? ಗಂಡಸಿನ ಹಮ್ಮು ಎಂಬುದಿದೆಯಲ್ಲ, ಅದರಷ್ಟು ಅಗ್ಗದ ಸಾಮಾನು ಲೋಕದಲ್ಲಿಲ್ಲ. ಅದಕ್ಕೆ ತೆರುವ ಬೆಲೆ ಮಾತ್ರ ಬೇರೆಯವರದ್ದು.

ಒಂದೇ ಚಕ್ರ ಎತ್ತಿದ. ಸಣ್ಣರಂಗಯ್ಯ ಎಂದಿನಂತೆ ಕೆಳಗೆ ತೂರಿಕೊಂಡ.

ಒಂದನೇ ಗೇರಿನಲ್ಲಿ ಚಕ್ರ ನಿಧಾನವಾಗಿ ತಿರುಗಿತು. ಗಾಡಿ ಅಲ್ಲಾಡಲಿಲ್ಲ. ‘ಏನಾಯ್ತು ಈಗ?’ ಎಂದು ರಾಜು ಇಲ್ಲದ ಹುಡುಗಿಗೆ ಮನಸ್ಸಿನಲ್ಲೇ ಹೇಳಿಕೊಂಡ. ಕೆಳಗಿನಿಂದ ಸಣ್ಣರಂಗಯ್ಯ ಕೂಗಿದ: “ಸದ್ದು ಸಾಲ್ದು ಕಣಣ್ಣ, ಇನ್ನೊಸಿ ಕೊಡು.”

ರಾಜು ಆಕ್ಸಿಲರೇಟರ್ ಒತ್ತಿದ. ಹಿಂದೆ ಟಕ್ ಎಂದಿತು. ಅಷ್ಟು ಹೊತ್ತು ಸುಮ್ಮನಿದ್ದ ಚಕ್ರ ನೆಲ ಕಚ್ಚಿ ತಿರುಗಿತು. ಗಾಡಿ ಕಲ್ಲುಗಳನ್ನು ಹತ್ತಿ ಮುಂದಕ್ಕೆ ನುಗ್ಗಿತು, ಜಾಕು ಮಗುಚಿತು. ಅವನು ಬ್ರೇಕು ಒತ್ತುವಷ್ಟರಲ್ಲಿ ಎತ್ತಿದ್ದ ಚಕ್ರ ಸಣ್ಣರಂಗಯ್ಯನ ಸೊಂಟದ ಮೇಲೆ ಬಿದ್ದು ನಿಂತಿತ್ತು. ರಾಜು ಬಗ್ಗಿ ನೋಡಿದಾಗ ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ಇನ್ನೂ ಕಿವಿಗೇ ಒತ್ತಿಕೊಂಡಿದ್ದ.

ಪಕ್ಕದ ಟೀ ಅಂಗಡಿಯಿಂದ ಓಡಿಬಂದವರು ಗಾಡಿ ಎತ್ತಿದರು. ಅವರಲ್ಲೊಬ್ಬ ಮಗುಚಿದ ಜಾಕನ್ನು ನೋಡಿ “ಅಯ್ಯೋ, ಜಾಕ್ ಜಾರ್ಬುಡ್ತಾ ರಾಜಣ್ಣ?” ಎಂದ.

“ಹೂಂ” ಎಂದ ರಾಜು.

ಆ ಒಂದು ಹೂಂ ಅವನಿಗಿಂತ ಮುಂಚೆ ಎಲ್ಲ ಕಡೆಗೂ ತಲುಪಿತು. ತುಮಕೂರಿನ ಆಸ್ಪತ್ರೆಯಲ್ಲಿ ಬರೆಸಿದ್ದೂ ಅದನ್ನೇ, ಪೊಲೀಸರಿಗೆ ಹೇಳಿದ್ದೂ ಅದನ್ನೇ, ಎದೆ ಬಡಿದುಕೊಂಡು ಬಂದ ಸಣ್ಣರಂಗಯ್ಯನ ಹೆಂಡತಿ ಹೊನ್ನಕ್ಕನಿಗೆ ಹೇಳಿದ್ದೂ ಅದನ್ನೇ. ಮೂರನೆಯ ದಿನ ರಕ್ಷಾ ಬಂದಳು. ವಾರ್ಡಿನ ಹೊರಗೆ ಅವನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು: “ಒಂದೇ ಚಕ್ರ ಎತ್ತಿದ್ರಾ ಅಂಕಲ್?”

“ಎರಡೂ ಎತ್ತಿದ್ದೆ ಕಣವ್ವ. ಜಾಕ್ ಜಾರ್ತು.”

ಅವಳು ನಂಬಿದಳೋ ಇಲ್ಲವೋ. “ನಾನೇ ಅಲ್ಲೇ ನಿಂತಿರಬೇಕಿತ್ತು” ಎಂದು ಅತ್ತುಕೊಂಡು ಹೋದಳು. ರಾಜು ಅದನ್ನೂ ನೋಡುತ್ತಾ ನಿಂತಿದ್ದ.

ಸಣ್ಣರಂಗಯ್ಯನಿಗೆ ಅದೇ ಸಂಜೆ ಎಚ್ಚರವಾಯಿತು. ತುಟಿಯಾಡಿತು, ರಾಜು ಕಿವಿ ಹತ್ತಿರ ತಂದ. “ಪಿನಿಯನ್ ಬೇರಿಂಗ್ ಕಣಣ್ಣ,” ಎಂದ ಸಣ್ಣರಂಗಯ್ಯ.

ಹನ್ನೊಂದು ದಿನ ಆ ಪಿಕಪ್ ಗ್ಯಾರೇಜಿನಲ್ಲೇ ನಿಂತಿತ್ತು. ಹನ್ನೆರಡನೆಯ ದಿನ ರಾಜು ಒಬ್ಬನೇ ಕೂತು ಆಕ್ಸಲ್ ಬಿಚ್ಚಿದ. ಹೋಗಿದ್ದು ಪಿನಿಯನ್ ಬೇರಿಂಗೇ. ಅದನ್ನು ಬದಲಾಯಿಸಿ ಮುಚ್ಚಬಹುದಿತ್ತು, ಆದರೆ ಅವನ ಕೈ ನಿಲ್ಲಲಿಲ್ಲ. ಡಿಫರೆನ್ಷಿಯಲ್‌ನೊಳಗೆ ಆ ಹುಡುಗಿ ಹೇಳಿದ ಪ್ಲೇಟುಗಳು ಒಂದರ ಪಕ್ಕ ಒಂದು ಕೂತಿದ್ದವು. ಒಂದನ್ನು ತೆಗೆದು ಎಣ್ಣೆ ಒರೆಸಿ ಅಂಗೈ ಮೇಲಿಟ್ಟುಕೊಂಡ. ರೂಪಾಯಿಯಷ್ಟು ದಪ್ಪವೂ ಇಲ್ಲ. ಎಷ್ಟು ಚೆಂದದ ಕೆಲಸ ಅನ್ನಿಸಿತು. ಹಳ್ಳದಲ್ಲಿ ಸಿಕ್ಕಿಕೊಂಡವನನ್ನು ದಡ ಹತ್ತಿಸಲೆಂದು ಯಾರೋ ಪುಣ್ಯಾತ್ಮರು ಕೂತು ಯೋಚಿಸಿ ಮಾಡಿದ ವಸ್ತು. ಅದರಿಂದ ತಾನು ಮಾಡಿದ ಕೆಲಸ ಇದು. ಗ್ಯಾರೇಜಿನ ಬಾಗಿಲು ಎಳೆದುಕೊಂಡು ರಾಜು ಬಿಕ್ಕಿಬಿಕ್ಕಿ ಅತ್ತ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹಿರಿಯರೇನೋ ಹೇಳಿದ್ದಾರೆ. ಹೇಳುವುದು ಸುಲಭ, ಅವರಿಗೇನು.

ಎರಡು ತಿಂಗಳ ಮೇಲೆ ಸಣ್ಣರಂಗಯ್ಯನನ್ನು ಮಿಡಿಗೇಶಿಯ ಮನೆಗೆ ಕರೆತಂದರು. ಸೊಂಟದಿಂದ ಕೆಳಗೆ ಜೀವವಿಲ್ಲ, ಇನ್ನು ನಡೆಯುವ ಮಾತಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ರಾಜು ದಿನ ಬಿಟ್ಟು ದಿನ ಬಸ್ಸು ಹತ್ತಿ ಹೋಗುತ್ತಿದ್ದ. ಹೊನ್ನಕ್ಕನೊಬ್ಬಳಿಗೆ ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸುವುದು ಆಗುತ್ತಿರಲಿಲ್ಲ. ಇಬ್ಬರೂ ಸೇರಿ ತಿರುಗಿಸುವಾಗ ರಾಜು ಅವನ ಕಾಲು ಹಿಡಿಯುತ್ತಿದ್ದ. ಒಣಗಿದ ಕಡ್ಡಿಯಂತಾಗುತ್ತಿದ್ದ ಆ ಕಾಲುಗಳು ಪ್ರತಿ ಸಲವೂ ಸ್ವಲ್ಪ ಹಗುರವಾಗಿರುತ್ತಿದ್ದವು.

ಒಂದು ಮಧ್ಯಾಹ್ನ ರಾಜುವಿಗೆ ತಡೆಯಲಾಗಲಿಲ್ಲ. ಹೊನ್ನಕ್ಕ ಒಳಗೆ ಒಲೆಯ ಮುಂದಿದ್ದಳು. ಪಡಸಾಲೆಯ ಮಂಚದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೇಳಿದ: “ರಂಗ, ಜಾಕ್ ಜಾರ್ಲಿಲ್ಲ ಕಣ್ಲಾ. ಆ ಹುಡುಗಿ ಒಂದೇ ಚಕ್ರ ಎತ್ಬ್ಯಾಡಿ ಅಂತ ಬಾಯ್ಬುಟ್ಟು ಹೇಳಿದ್ಲು. ನಾನು ಕೇಳ್ಲಿಲ್ಲ.”

ಸಣ್ಣರಂಗಯ್ಯ ಸೂರನ್ನೇ ನೋಡುತ್ತಿದ್ದ. “ಗೊತ್ತು ಬುಡಣ್ಣ. ಅಲ್ಲೇ ಕೂತು ಸಾಮಾನು ತೊಳೀತಿದ್ನಲ್ಲ. ನಂಗೂ ಕೇಳಿಸ್ತು.”

“ಕೇಳಿಸ್ತಾ? ಮತ್ಯಾಕ್ಲಾ ಮಲಗ್ದೆ?”

“ನೀನು ಏನೂ ಆಗಾಕಿಲ್ಲ ಅಂದ್ಯಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಉಗಿದಿದ್ದರೆ, ಎದ್ದು ಹೋಗು ಎಂದಿದ್ದರೆ ರಾಜು ಬದುಕಿಕೊಳ್ಳುತ್ತಿದ್ದ. ಅವನು ಮಂಚದ ಕಾಲನ್ನು ಹಿಡಿದುಕೊಂಡು ಅಂದ: “ಹೊನ್ನಕ್ಕಂಗೆ ಹೇಳ್ಬುಡ್ತೀನಿ ಕಣ್ಲಾ. ಸ್ಟೇಷನ್‌ಗೂ ಹೋಗ್ತೀನಿ. ನಂಗೆ ಅನ್ನ ಇಳೀತಿಲ್ಲ.”

“ಬ್ಯಾಡ.” ಸಣ್ಣರಂಗಯ್ಯ ಮೊದಲ ಸಲ ಮುಖ ತಿರುಗಿಸಿದ. “ಹೇಳಿ ನೀನು ಹಗುರಾಗ್ತೀಯ. ಅವ್ಳು ಏನ್ ಮಾಡ್ಬೇಕು? ನಿನ್ನ ಮೊಕ ನೋಡಾಕಿಲ್ಲ ಅಂತಾಳೆ. ಆಮೇಕೆ ನನ್ನ ಎತ್ತಾಕೆ, ಆಸ್ಪತ್ರೆಗೆ ಒಯ್ಯಾಕೆ ಯಾರ್ನ ಕರೀತಾಳೆ? ನಮ್ಗೆ ಯಾರವ್ರೆ? ನನ್ನ ಕಾಲಂತೂ ಹೋದ್ವು. ಅವ್ಳಿಗೆ ಇರೋ ಒಬ್ಬ ಅಣ್ಣನ್ನೂ ಕಿತ್ಕಬ್ಯಾಡ.”

“ಎಲ್ಲೀಗಂಟ ಸುಮ್ಕಿರ್ಲಿ?”

“ನಾನು ಇರೋಗಂಟ.”

ಒಳಗಿನಿಂದ ಹೊನ್ನಕ್ಕ ಕರೆದಳು: “ಅಣ್ಣಾ, ಕೈ ತೊಳ್ಕಂಡು ಬಾ. ಮುದ್ದೆ ಆರೋಗ್ತೈತೆ.”

ರಾಜು ಎದ್ದು ಹೋಗಿ ತಟ್ಟೆಯ ಮುಂದೆ ಕೂತ. ಅವಳು ಬಿಸಿ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಎದುರಿಗೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. “ದೇವ್ರೇ ಕೈ ಬುಟ್ರೂ ನೀನು ಬುಡ್ಲಿಲ್ಲ ಕಣಣ್ಣ. ಒಡಹುಟ್ದೋರೂ ಇಂಗೆ ನೋಡ್ಕಳಾಕಿಲ್ಲ” ಎಂದಳು.

ರಾಜು ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದ. ತಟ್ಟೆ ಖಾಲಿಯಾದಾಗ ಹೊನ್ನಕ್ಕ ಇನ್ನೊಂದು ಮುದ್ದೆ ಇಟ್ಟಳು. ಅವಳು ನೋಡುತ್ತಿದ್ದಂತೆಯೇ ಅದನ್ನೂ ನುಂಗಿದ.